ಕಿವಿಗೆ ಒತ್ತಿದ ಕೈ: ಹಳೆಯ ಫಿಲ್ಮಿನ ‘ಕಾಲಪ್ರಯಾಣಿಕ’ರನ್ನು ಫ್ರೇಮ್ ಫ್ರೇಮಾಗಿ ನೋಡುವುದು

1928ರ ಜನವರಿ. ಹಾಲಿವುಡ್‌ನ ಗ್ರೌಮನ್ಸ್ ಚೈನೀಸ್ ಥಿಯೇಟರಿನ ಮುಂದೆ ಚಾಪ್ಲಿನ್ ಅವರ ‘ದಿ ಸರ್ಕಸ್’ ಚಿತ್ರದ ಪ್ರದರ್ಶನಕ್ಕಾಗಿ ಸಿಂಗಾರ ಮಾಡಿದ್ದಾರೆ. ಅಲ್ಲಿ ನಿಲ್ಲಿಸಿರುವ ಜೀಬ್ರಾ ಪ್ರತಿಮೆಯ ಹತ್ತಿರ ಕಪ್ಪು ಕೋಟು, ಹ್ಯಾಟು ತೊಟ್ಟ ಹೆಂಗಸೊಬ್ಬಳು ನಡೆದುಹೋಗುತ್ತಾಳೆ. ಒಂದು ಕೈ ಕಿವಿಗೆ ಒತ್ತಿಕೊಂಡಿದೆ, ಬಾಯಿ ಆಡುತ್ತಿರುವಂತೆ ಕಾಣುತ್ತದೆ. ಕೆಲವೇ ಸೆಕೆಂಡುಗಳ ತುಣುಕು. ಆ ಚಿತ್ರದ ಡಿವಿಡಿಯಲ್ಲಿ ಹೆಚ್ಚುವರಿಯಾಗಿ ಕೊಟ್ಟಿದ್ದ ಈ ದೃಶ್ಯ 2010ರ ಅಕ್ಟೋಬರ್‌ನಲ್ಲಿ ಯೂಟ್ಯೂಬಿಗೆ ಬಂತು. ‘ಮೊಬೈಲಿನಲ್ಲಿ ಮಾತಾಡುತ್ತಿರುವ ಕಾಲಪ್ರಯಾಣಿಕಳು’ ಎಂಬ ಹೆಸರು ಅಂದಿನಿಂದ ಅವಳಿಗೆ ಅಂಟಿಕೊಂಡಿದೆ.

ಇಂಥ ತುಣುಕು ನೋಡಿದ ತಕ್ಷಣ ಎಲ್ಲರೂ ಕೇಳುವುದು ‘ಅದು ಏನಿರಬಹುದು?’ ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ಅದು ಏನು ಎಂದು ಹೇಳುವಷ್ಟು ಮಾಹಿತಿ ಆ ಫ್ರೇಮಿನಲ್ಲಿ ಇದೆಯೇ? ಇದನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು.

ಅಂಗೈಗೆ ಎಷ್ಟು ಪಿಕ್ಸೆಲ್?

ಅಮೆರಿಕದ ಮಾದರಿಯ ಡಿವಿಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 480 ಪಿಕ್ಸೆಲ್ ಇರುತ್ತವೆ. 160 ಸೆಂಟಿಮೀಟರ್ ಎತ್ತರದ ವ್ಯಕ್ತಿ ಪರದೆಯ ಎತ್ತರದ ಕಾಲುಭಾಗ ತುಂಬಿದ್ದಾರೆ ಎಂದುಕೊಳ್ಳಿ. ಅಂದರೆ ಅವರ ಪಾಲಿಗೆ 120 ಸಾಲು. ಒಂದು ಸಾಲು 1.3 ಸೆಂಟಿಮೀಟರಿಗೆ ಸಮ. ಸುಮಾರು 8 ಸೆಂಟಿಮೀಟರ್ ಅಗಲದ ಅಂಗೈಗೆ 6 ಪಿಕ್ಸೆಲ್, 7 ಸೆಂಟಿಮೀಟರ್ ಅಗಲದ ಫೋನಿಗೆ 5 ಪಿಕ್ಸೆಲ್. ಅದೇ ವ್ಯಕ್ತಿ ಪರದೆಯ ಅರ್ಧ ಎತ್ತರ ತುಂಬಿದ್ದರೂ ಅಂಗೈಗೆ ಸಿಗುವುದು 12 ಪಿಕ್ಸೆಲ್ ಮಾತ್ರ.

ಇದರ ಮೇಲೆ ಸಂಕುಚನದ ಹಾನಿ ಬೇರೆ ಇದೆ. ಡಿವಿಡಿಯ ಎಂಪೆಗ್-2 ವಿಧಾನ ಚಿತ್ರವನ್ನು 8×8 ಪಿಕ್ಸೆಲಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಸೂಕ್ಷ್ಮ ವಿವರಗಳನ್ನು ಒಂದಿಷ್ಟು ಕೈಬಿಡುತ್ತದೆ. ಕಾಲುಭಾಗ ಎತ್ತರದ ಲೆಕ್ಕದಲ್ಲಿ ಇಂಥ ಒಂದು ಚೌಕ ಹತ್ತೂವರೆ ಸೆಂಟಿಮೀಟರಿಗಿಂತ ದೊಡ್ಡದು. ಇಡೀ ಅಂಗೈ ಒಂದೇ ಚೌಕದೊಳಗೆ ಮುಳುಗಿಹೋಗುತ್ತದೆ. ಬೆರಳುಗಳ ನಡುವಿನ ನೆರಳೂ ಕೈಯಲ್ಲಿರುವ ಕಪ್ಪು ವಸ್ತುವೂ ಅಲ್ಲಿ ಒಂದೇ ಕಪ್ಪು ಮಚ್ಚೆ.

ಚಲನೆಯ ಮಸುಕನ್ನೂ ಸೇರಿಸಿ. ಸೆಕೆಂಡಿಗೆ 16 ಫ್ರೇಮ್ ಓಡುವ ಕ್ಯಾಮೆರಾದಲ್ಲಿ ಷಟರ್ (ಬೆಳಕನ್ನು ತಡೆದು ಬಿಡುವ, ತಿರುಗುವ ತಟ್ಟೆ) ಅರ್ಧ ಸುತ್ತು ತೆರೆದಿದ್ದರೆ ಬೆಳಕು ಬೀಳುವ ಅವಧಿ 1/32 ಸೆಕೆಂಡ್. ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಕ್ಯಾಮೆರಾಕ್ಕೆ ಅಡ್ಡಲಾಗಿ ನಡೆಯುವವರು ಅಷ್ಟರಲ್ಲಿ 4 ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತಾರೆ. ಅಂಗೈಯ ಅರ್ಧದಷ್ಟು ಅಗಲಕ್ಕೆ ಅಂಚುಗಳು ಬಳಿದುಕೊಂಡುಹೋಗಿರುತ್ತವೆ.

ಇನ್ನೊಂದು ವಿಷಯವನ್ನು ಯಾಕೋ ಹೆಚ್ಚಿನವರು ಗಮನಿಸುವುದಿಲ್ಲ. ಫೋನನ್ನು ಕಿವಿಗೆ ಇಟ್ಟುಕೊಂಡಾಗ ಅದು ಅಂಗೈಗೂ ಕೆನ್ನೆಗೂ ನಡುವೆ ಇರುತ್ತದೆ. ಪಕ್ಕದಿಂದ ನೋಡುವ ಕ್ಯಾಮೆರಾಕ್ಕೆ ಕಾಣುವುದು ಕೈಯ ಹಿಂಬದಿ, ಬಹಳವೆಂದರೆ ಒಂದು ಸೆಂಟಿಮೀಟರಿಗಿಂತ ತೆಳುವಾದ ಅಂಚು. ಮೇಲಿನ ಲೆಕ್ಕದಲ್ಲಿ ಅದು ಒಂದು ಪಿಕ್ಸೆಲ್ಲೂ ಆಗುವುದಿಲ್ಲ. ಅಂದರೆ ‘ಫೋನ್ ಕಾಣುತ್ತಿದೆ’ ಎನ್ನುವವರು ನಿಜವಾಗಿ ನೋಡುತ್ತಿರುವುದು ಕೈಯ ಭಂಗಿಯನ್ನು. ಉಳಿದದ್ದನ್ನು ತುಂಬುವುದು ಅವರ ದಿನನಿತ್ಯದ ರೂಢಿ.

ಮಾತಾಡುತ್ತಿದ್ದಾಳೆ ಎಂಬ ವಾದಕ್ಕೂ ಇದೇ ಅಳತೆ ಹಿಡಿಯಿರಿ. ಬಾಯಿಯ ಅಗಲ 5 ಸೆಂಟಿಮೀಟರ್, ಅಂದರೆ 4 ಪಿಕ್ಸೆಲ್. ದೃಶ್ಯದಲ್ಲಿ ಧ್ವನಿ ಇಲ್ಲ. ಮಾತು, ನಗು, ಬಿಸಿಲಿಗೆ ಮುಖ ಕಿವುಚಿದ್ದು, ಇವುಗಳಲ್ಲಿ ಯಾವುದು ಎಂದು ಹೇಳಲು 4 ಪಿಕ್ಸೆಲ್ ಸಾಲದು.

ಫಿಲ್ಮಿನಿಂದ ಪರದೆಗೆ ಬರುವ ದಾರಿಯಲ್ಲಿ

ಮೂಲ 35 ಎಂಎಂ ನೆಗೆಟಿವ್‌ನಲ್ಲಿ ಡಿವಿಡಿಗಿಂತ ಎಷ್ಟೋ ಹೆಚ್ಚು ವಿವರ ಇರುತ್ತದೆ. ಆದರೆ ನಮ್ಮ ಕೈಗೆ ಬರುವುದು ನೆಗೆಟಿವ್ ಅಲ್ಲ. ನೆಗೆಟಿವ್‌ನಿಂದ ಪ್ರಿಂಟ್, ಪ್ರಿಂಟಿನಿಂದ ನಕಲು ನೆಗೆಟಿವ್, ಅದರಿಂದ ಟೇಪು, ಟೇಪಿನಿಂದ ಡಿಸ್ಕು, ಡಿಸ್ಕಿನಿಂದ ಯಾರೋ ಪರದೆಗೆ ಕ್ಯಾಮೆರಾ ಹಿಡಿದು ಮಾಡಿದ ವಿಡಿಯೊ. ಪ್ರತಿ ಹೆಜ್ಜೆಯಲ್ಲೂ ಏನಾದರೂ ಕಳೆಯುತ್ತದೆ, ಮತ್ತೆ ಏನಾದರೂ ಸೇರಿಕೊಳ್ಳುತ್ತದೆ. ನಮ್ಮನ್ನು ದಾರಿ ತಪ್ಪಿಸುವುದು ಹೆಚ್ಚಾಗಿ ಹೀಗೆ ಸೇರಿಕೊಂಡದ್ದೇ.

ವೇಗದ ವಿಷಯ ನೋಡಿ. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಹಿಡಿಕೆಯ ಒಂದು ಸುತ್ತಿಗೆ 8 ಫ್ರೇಮ್. ಸೆಕೆಂಡಿಗೆ ಎರಡು ಸುತ್ತು ಹಾಕಿದರೆ 16. ಇದನ್ನು ಮುಂದೆ ಧ್ವನಿಚಿತ್ರಗಳಿಗೆ ನಿಗದಿಯಾದ 24ರ ವೇಗದಲ್ಲಿ ಓಡಿಸಿದರೆ ಜನ ಒಂದೂವರೆ ಪಟ್ಟು ಬೇಗ ನಡೆಯುತ್ತಾರೆ. ಇದನ್ನು ತಪ್ಪಿಸಲು ಪ್ರತಿ ಎರಡನೇ ಫ್ರೇಮನ್ನು ಎರಡು ಸಲ ಮುದ್ರಿಸುವ ಪದ್ಧತಿ ಇತ್ತು. ಆಗ ಒಟ್ಟು ವೇಗ ಸರಿಹೋದರೂ ಚಲನೆ ತೊಡರುತ್ತದೆ. ‘ಈ ವ್ಯಕ್ತಿಯ ನಡಿಗೆ ವಿಚಿತ್ರವಾಗಿದೆ’ ಎಂಬ ದೂರು ಬಂದಾಗಲೆಲ್ಲ ಮೊದಲು ಮರುಕಳಿಸಿದ ಫ್ರೇಮ್‌ಗಳನ್ನು ಎಣಿಸಬೇಕು.

ಟಿವಿಗಾಗಿ ಮಾಡಿದ ಪರಿವರ್ತನೆ ಇನ್ನೂ ಕೆಡುಕು ಮಾಡುತ್ತದೆ. ಅಮೆರಿಕದ ಟಿವಿ ಪದ್ಧತಿಯಲ್ಲಿ ಫಿಲ್ಮಿನ 4 ಫ್ರೇಮ್‌ಗಳನ್ನು ವಿಡಿಯೊದ 5 ಫ್ರೇಮ್‌ಗಳಿಗೆ ಹಿಗ್ಗಿಸುತ್ತಾರೆ. ಆ ಐದರಲ್ಲಿ ಮೂರು ಶುದ್ಧ. ಉಳಿದ ಎರಡರಲ್ಲಿ ಬೆಸ ಸಾಲುಗಳು ಒಂದು ಫಿಲ್ಮ್ ಫ್ರೇಮಿನವು, ಸಮ ಸಾಲುಗಳು ಇನ್ನೊಂದರವು. ಅಂಥ ಫ್ರೇಮಿನಲ್ಲಿ ಆಡುವ ಕೈಗೆ ಎರಡು ಅಂಚು ಇರುತ್ತವೆ, ನಡುವೆ ಬಾಚಣಿಗೆ ಹಲ್ಲಿನಂಥ ಗೆರೆಗಳು. ಇದನ್ನು ಸರಿಯಾಗಿ ಬಿಡಿಸದೆ ವೆಬ್‌ಗೆ ಏರಿಸಿದಾಗ ಎರಡು ಅಂಚುಗಳೂ ಕಲಸಿಹೋಗಿ, ಕೈಯಲ್ಲಿ ಚೌಕಾಕಾರದ ಏನೋ ಇರುವಂತೆ ತೋರುತ್ತದೆ. ಒಂದೇ ಫ್ರೇಮಿನಲ್ಲಿ ಕಾಣಿಸಿ, ಹಿಂದುಮುಂದಿನದರಲ್ಲಿ ಮಾಯವಾಗುವ ವಸ್ತುವನ್ನು ಎಂದೂ ನಂಬಬೇಡಿ.

ಬಣ್ಣದ ಮೋಸವೂ ಇದೆ. 1920ರ ದಶಕದ ನಡುಭಾಗದವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಆರ್ಥೋಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ನೀಲಿ, ಹಸಿರು ಕಾಣುತ್ತವೆ, ಕೆಂಪು ಕಾಣುವುದಿಲ್ಲ. ಕೆಂಪು ಕೈಚೀಲ, ಕೆಂಪು ಗವಸು, ಕೆಂಪು ರಟ್ಟಿನ ಪುಸ್ತಕ ಎಲ್ಲವೂ ಕಡುಕಪ್ಪಾಗಿ ಬರುತ್ತವೆ, ನೀಲಿ ಆಕಾಶ ಬೆಳ್ಳಗಾಗುತ್ತದೆ. ಅಂಥ ಫಿಲ್ಮಿನಲ್ಲಿ ‘ಹೊಳೆಯುವ ಕಪ್ಪು ವಸ್ತು’ ಎಂದರೆ ಅದು ನಿಜಕ್ಕೂ ಕಪ್ಪಾಗಿತ್ತು ಎಂದು ಅರ್ಥವಲ್ಲ.

ಧೂಳು, ಗೀರುಗಳನ್ನು ಗುರುತಿಸುವುದು ಸುಲಭ. ನೆಗೆಟಿವ್ ಮೇಲೆ ಕೂತ ಧೂಳು ಪ್ರಿಂಟಿನಲ್ಲಿ ಬಿಳಿ ಚುಕ್ಕೆ, ಪ್ರಿಂಟಿನ ಮೇಲಿನದು ಕಪ್ಪು ಚುಕ್ಕೆ. ಎರಡೂ ಸಾಮಾನ್ಯವಾಗಿ ಒಂದೇ ಫ್ರೇಮಿಗೆ ಮುಗಿಯುತ್ತವೆ. ಗೇಟಿನಲ್ಲಿ, ಅಂದರೆ ಫಿಲ್ಮಿಗೆ ಬೆಳಕು ಬೀಳುವ ಕಿಂಡಿಯಲ್ಲಿ, ಸಿಕ್ಕಿಕೊಂಡ ಕೂದಲು ಮಾತ್ರ ಹಲವು ಫ್ರೇಮ್‌ಗಳಲ್ಲಿ ಒಂದೇ ಕಡೆ ಅಲುಗಾಡುತ್ತಿರುತ್ತದೆ.

ಹಾಗಾದರೆ ಅವಳ ಕೈಯಲ್ಲಿ ಏನಿತ್ತು?

ಏನೂ ಇಲ್ಲದೆಯೂ ಇರಬಹುದು. ಹಲ್ಲುನೋವಿಗೆ ಕೆನ್ನೆ ಒತ್ತಿ ಹಿಡಿದಿರಬಹುದು, ಗಾಳಿಗೆ ಹ್ಯಾಟು ಹಾರದಂತೆ ತಡೆದಿರಬಹುದು, ತನ್ನತ್ತ ತಿರುಗಿದ ಕ್ಯಾಮೆರಾದಿಂದ ಮುಖ ಮರೆಮಾಡಿಕೊಂಡಿರಬಹುದು. ವಸ್ತುವೊಂದು ಇತ್ತೆಂದೇ ಇಟ್ಟುಕೊಂಡರೂ, ಕಿವಿಗೆ ಹಿಡಿಯಲೆಂದೇ ಮಾಡಿದ ವಸ್ತುಗಳಿಗೆ ಆ ಕಾಲದಲ್ಲಿ ಕೊರತೆ ಇರಲಿಲ್ಲ.

ಕಹಳೆಯಾಕಾರದ ಶ್ರವಣಕೊಳವೆಗಳನ್ನು ಲಂಡನ್ನಿನ ರೈನ್ ಸಂಸ್ಥೆ 1800ರಿಂದಲೇ ವ್ಯಾಪಾರಕ್ಕಾಗಿ ತಯಾರಿಸುತ್ತಿತ್ತು. ಮಡಚುವಂಥವು, ಅಂಗೈಯೊಳಗೆ ಅಡಗುವಂಥವು ಆಮೇಲೆ ಬಂದವು. ಇಪ್ಪತ್ತನೇ ಶತಮಾನದ ಆರಂಭಕ್ಕೆ ವಿದ್ಯುತ್ ಸಾಧನಗಳು ಬಂದವು. ಮಿಲ್ಲರ್ ರೀಸ್ ಹಚಿಸನ್ ಎಂಬ ಅಮೆರಿಕನ್ ಎಂಜಿನಿಯರ್ ರೂಪಿಸಿದ ‘ಅಕೌಸ್ಟಿಕಾನ್’ ಸಾಧನವನ್ನು ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಬಳಸಿದ್ದರು. ಜರ್ಮನಿಯ ಸೀಮೆನ್ಸ್ ಕಂಪನಿಯ ‘ಫೋನೋಫೋರ್’ 1920ರ ದಶಕದಲ್ಲಿ ಮಾರಾಟದಲ್ಲಿತ್ತು.

ಇವುಗಳ ಒಳಗಿನ ಕೆಲಸ ತಿಳಿದರೆ ಆ ಭಂಗಿಯೂ ತಾನಾಗಿ ಅರ್ಥವಾಗುತ್ತದೆ. ತೆಳುವಾದ ತಗಡಿನ ಹಿಂದೆ ಇಂಗಾಲದ ಸಣ್ಣ ಕಣಗಳನ್ನು ತುಂಬಿರುತ್ತಾರೆ. ಧ್ವನಿ ತಗಡನ್ನು ಒತ್ತಿದಾಗ ಕಣಗಳು ಬಿಗಿಯಾಗಿ ಹೆಚ್ಚು ವಿದ್ಯುತ್ ಹರಿಯುತ್ತದೆ, ಬಿಟ್ಟಾಗ ಕಡಿಮೆಯಾಗುತ್ತದೆ. ಕೆಲವೇ ವೋಲ್ಟಿನ ಬ್ಯಾಟರಿ, ಒಂದು ತಂತಿ, ಕಿವಿಗೆ ಹಿಡಿಯುವ ದುಂಡನೆಯ ರಿಸೀವರ್. ಆ ಕಾಲದ ಟೆಲಿಫೋನಿನ ಒಳಗೂ ಇವೇ ಭಾಗಗಳು. ಹಾಗಾಗಿ ಹೋಲಿಕೆ ಬರಿಯ ಕಣ್ಣಿನ ಭ್ರಮೆಯಲ್ಲ, ಎರಡೂ ಒಂದೇ ಮನೆತನದ ಯಂತ್ರಗಳು. ಬ್ಯಾಟರಿ, ಮೈಕು ಕೈಚೀಲದಲ್ಲೋ ಕೋಟಿನೊಳಗೋ ಇರುತ್ತಿದ್ದವು, ತಲೆಪಟ್ಟಿ ಇಲ್ಲದಿದ್ದರೆ ರಿಸೀವರನ್ನು ಕೈಯಲ್ಲೇ ಹಿಡಿಯಬೇಕು. ಅಲುಗಾಡಿದರೆ ಕಣಗಳು ಗರಗರ ಸದ್ದು ಮಾಡುತ್ತವೆ, ಗಟ್ಟಿಕಟ್ಟಿಕೊಂಡರೆ ತಟ್ಟಿ ಸಡಿಲಿಸಬೇಕು.

ಈ ತುಣುಕಿನ ವಿಷಯದಲ್ಲಿ ನನಗೆ ನಿಜವಾಗಿ ಬೇಸರ ತರಿಸುವುದು ಒಂದೇ. ಕಿವಿ ಮಂದವಾದ ಹೆಂಗಸು ಕೈಯಲ್ಲಿ ಸಾಧನ ಹಿಡಿದು ಜನಜಂಗುಳಿಯ ಬೀದಿಗೆ ಬಂದಿದ್ದರೆ, ಅದು ಆ ಕಾಲದ ಶ್ರವಣದೋಷವುಳ್ಳವರ ಬದುಕಿನ ಅಪರೂಪದ ಚಿತ್ರ. ಆ ಸಾಧ್ಯತೆಯನ್ನು ಒರೆಸಿಹಾಕಿ ಅಲ್ಲಿ ನಮ್ಮ ಜೇಬಿನ ಫೋನನ್ನು ಅಂಟಿಸಿದ್ದೇವೆ.

ಫೋನಿನ ವಾದಕ್ಕೆ ಬರೋಣ. ಅಮೆರಿಕದ ಬೆಲ್ ಸಂಸ್ಥೆ ಸೇಂಟ್ ಲೂಯಿಸ್‌ನಲ್ಲಿ ಕಾರಿನ ಫೋನ್ ಸೇವೆ ಶುರುಮಾಡಿದ್ದು 1946ರಲ್ಲಿ, ಆ ಉಪಕರಣದ ತೂಕ ಸುಮಾರು 36 ಕಿಲೊ. ಕೈಯಲ್ಲಿ ಹಿಡಿಯುವ ಸೆಲ್ ಫೋನಿನಿಂದ ಮೊದಲ ಕರೆ ಹೋದದ್ದು 1973ರ ಏಪ್ರಿಲ್ 3ರಂದು, ನ್ಯೂಯಾರ್ಕಿನಲ್ಲಿ. 1928ರಲ್ಲಿ ಟವರೂ ಇಲ್ಲ, ಆ ಕಡೆ ಎತ್ತುವವರೂ ಇಲ್ಲ. ‘ಭವಿಷ್ಯದ ಫೋನಿಗೆ ಟವರ್ ಬೇಕಾಗುವುದಿಲ್ಲ’ ಎಂಬ ಉತ್ತರ ಬರುತ್ತದೆ. ಇರಲಿ. ಅಷ್ಟು ಮುಂದುವರಿದ ಉಪಕರಣ 2010ರ ಮೊಬೈಲಿನ ಹಾಗೇ ಕಾಣಬೇಕು, ಅದೇ ಭಂಗಿಯಲ್ಲೇ ಹಿಡಿಯಬೇಕು ಎಂದು ಏನಿದೆ? ಅದು ಹೇಗೆ ಬೇಕಾದರೂ ಇರಬಹುದಾದರೆ, ‘ಮೊಬೈಲಿನ ಹಾಗೆ ಕಾಣುತ್ತದೆ’ ಎಂಬುದು ಸಾಕ್ಷಿಯೇ ಆಗುವುದಿಲ್ಲ. ಕಾಲಪ್ರಯಾಣ ಎನ್ನುವವರ ಬಳಿ ಇದ್ದದ್ದೂ ಆ ಒಂದೇ ಸಾಕ್ಷಿ.

ಕೊಡೆ, ನೀರಿನ ಕಂಬ ಮತ್ತು ‘ಫೋನ್’ ಎಂಬ ಪದ

1922ರ ಪಾಥೆ ಕಂಪನಿಯ ವಾರ್ತಾಚಿತ್ರದ ತುಣುಕೊಂದು ಇದಕ್ಕಿಂತ ಸ್ವಾರಸ್ಯದ್ದು. ಬೀದಿಯಲ್ಲಿ ಇಬ್ಬರು ಹೆಂಗಸರು. ಪುಟ್ಟ ಪೆಟ್ಟಿಗೆಯ ತಂತಿಯೊಂದನ್ನು ಬೆಂಕಿ ಆರಿಸುವ ನೀರಿನ ಕಂಬಕ್ಕೆ ಸಿಕ್ಕಿಸುತ್ತಾರೆ, ಕೊಡೆ ಬಿಚ್ಚುತ್ತಾರೆ, ಕಿವಿಗೆ ಹಿಡಿದು ಕೇಳುತ್ತಾರೆ. ಪರದೆಯ ಮೇಲಿನ ಬರಹದಲ್ಲೇ ‘ವೈರ್‌ಲೆಸ್ ಫೋನ್’ ಎಂದಿದೆ. ಹಾಗಾಗಿ ಇದು ಜಗತ್ತಿನ ಮೊದಲ ಮೊಬೈಲ್ ಎಂದು ಹಬ್ಬಿತು.

ಇಲ್ಲಿ ಚಿತ್ರ ಸ್ಪಷ್ಟವಾಗಿದೆ, ಎಡವಿದ್ದು ಪದದಲ್ಲಿ. 1920ರ ದಶಕದ ಆರಂಭದಲ್ಲಿ ತಂತಿಯಿಲ್ಲದೆ ಮೋರ್ಸ್ ಸದ್ದು ಬಂದರೆ ಅದು ಟೆಲಿಗ್ರಫಿ, ಮಾತು ಅಥವಾ ಸಂಗೀತ ಬಂದರೆ ಟೆಲಿಫೋನಿ. ಕಿವಿಗೆ ಹಾಕುವುದನ್ನೂ ‘ಫೋನ್’ ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಯಲ್ಲಿರುವುದು ಹರಳಿನ ರೇಡಿಯೊ. ಗಲೀನ ಎಂಬ ಸೀಸದ ಅದಿರಿನ ಹರಳು, ಅದನ್ನು ಮುಟ್ಟುವ ಕೂದಲಿನಂಥ ತಂತಿ, ಒಂದು ಸುರುಳಿ, ಕಿವಿಯ ರಿಸೀವರ್. ಬ್ಯಾಟರಿ ಇಲ್ಲ. ಆಂಟೆನಾ ಹಿಡಿದ ರೇಡಿಯೊ ಅಲೆಯ ಶಕ್ತಿಯಿಂದಲೇ ಅದು ಸದ್ದು ಮಾಡಬೇಕು. ಅದಕ್ಕಾಗಿ ಮೇಲಕ್ಕೆ ಚಾಚಿದ ಲೋಹವೊಂದು ಬೇಕು, ನೆಲಕ್ಕೆ ಒಳ್ಳೆಯ ಸಂಪರ್ಕ ಬೇಕು. ಕೊಡೆ ಮೊದಲಿನದು, ನೆಲದೊಳಗಿನ ಕೊಳವೆಗೆ ಸೇರಿದ ನೀರಿನ ಕಂಬ ಎರಡನೆಯದು. ಪ್ರತಿ ಭಾಗಕ್ಕೂ ಕಾರಣವಿದೆ. ಇಂಥ ಸೆಟ್ಟು ಕೇಳಿಸಿಕೊಳ್ಳಬಲ್ಲದೇ ಹೊರತು ಕಳಿಸಲಾರದು, ಹಾಗಾಗಿ ಮೊಬೈಲ್ ಆಗಲಾರದು. ಇದನ್ನು ಬಿಡಿಸಲು ಬೇಕಾದದ್ದು ಪಿಕ್ಸೆಲ್ ಎಣಿಕೆಯಲ್ಲ, ಆ ವರ್ಷದ ಭಾಷೆ.

1938ರದ್ದು ಎಂದು ಹಂಚಿಕೆಯಾಗುವ ಇನ್ನೊಂದು ತುಣುಕು ಅಮೆರಿಕದ ಮ್ಯಾಸಚೂಸೆಟ್ಸ್‌ನದು. ಕಾರ್ಖಾನೆಯಿಂದ ಹೊರಬರುವ ಯುವತಿಯ ಕೈ ಕಿವಿಯ ಬಳಿ ಇದೆ. ಅಲ್ಲಿ ತಂತಿಯಿಲ್ಲದ ಫೋನಿನ ಪ್ರಯೋಗ ನಡೆಯುತ್ತಿತ್ತು ಎಂಬ ಕಥೆಗೆ ಇರುವ ಆಧಾರ ಹೆಸರು ಖಚಿತವಿಲ್ಲದ ಒಬ್ಬರ ಹೇಳಿಕೆ ಮಾತ್ರ. ಅಮೆರಿಕದ ಸೇನೆ 1940ರ ದಶಕದಲ್ಲಿ ಬಳಸಿದ, ಕೈಯಲ್ಲಿ ಹಿಡಿಯುವ ರೇಡಿಯೊ ಎಸ್‌ಸಿಆರ್-536ರ ಒಳಗೆ ನಿರ್ವಾತ ಕೊಳವೆಗಳಿದ್ದವು. ತೂಕ ಎರಡು ಕಿಲೊಗಿಂತ ಹೆಚ್ಚು, ಮೇಲೆ ಉದ್ದನೆಯ ಆಂಟೆನಾ. ಅದನ್ನು ಅಂಗೈಯಲ್ಲಿ ಮರೆಮಾಡಿ ಹಿಡಿಯಲಾಗದು.

1941ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಗೋಲ್ಡ್ ಬ್ರಿಜ್‌ನಲ್ಲಿ ತೆಗೆದ ಛಾಯಾಚಿತ್ರದ ‘ಇಂದಿನ ಕಾಲದ ಯುವಕ’ನದ್ದೂ ಇದೇ ಪಾಡು. ಅವನ ತಂಪುಕನ್ನಡಕ, ಲಾಂಛನ ಹೊಲಿದ ಹೆಣೆದ ಸ್ವೆಟರ್, ಕೈಯಲ್ಲಿನ ಸಣ್ಣ ಕ್ಯಾಮೆರಾ, ಮೂರೂ ಆಗ ಅಂಗಡಿಯಲ್ಲಿ ಸಿಗುತ್ತಿದ್ದವು. ಸುತ್ತಲಿನವರು ಕೋಟು, ಹ್ಯಾಟು ಹಾಕಿಕೊಂಡಿದ್ದರಿಂದ ಅವನು ಎದ್ದು ಕಾಣುತ್ತಾನೆ, ಅಷ್ಟೆ.

1995ರ ಆಗಸ್ಟ್ 19ರಂದು ಲಾಸ್ ವೇಗಾಸ್‌ನಲ್ಲಿ ನಡೆದ ಟೈಸನ್–ಮೆಕ್‌ನೀಲಿ ಬಾಕ್ಸಿಂಗ್ ಪಂದ್ಯದಲ್ಲಿ ಪ್ರೇಕ್ಷಕನೊಬ್ಬ ಸ್ಮಾರ್ಟ್‌ಫೋನ್ ಹಿಡಿದಿದ್ದ ಎಂಬುದು ಇತ್ತೀಚಿನ ವಾದ. ಅದೇ ವರ್ಷ ಕ್ಯಾಸಿಯೊ ಕಂಪನಿಯ ಕ್ಯೂವಿ-10 ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಬಂದಿತ್ತು. ಹಿಂಬದಿಯಲ್ಲಿ 1.8 ಇಂಚಿನ ಬಣ್ಣದ ಪರದೆ, ಒಂದು ತುದಿಯಲ್ಲಿ ತಿರುಗುವ ಲೆನ್ಸು. ಪರದೆ ನೋಡಿಕೊಂಡು ಚಿತ್ರ ತೆಗೆಯಬೇಕಾದ್ದರಿಂದ ಅದನ್ನು ಮುಖದಿಂದ ದೂರ ಚಾಚಿಯೇ ಹಿಡಿಯಬೇಕು. ಗಮನಿಸಿ, 2010ರಲ್ಲಿ ಜನ ಹಳೆಯ ಚಿತ್ರದಲ್ಲಿ ಕಂಡದ್ದು ಕಿವಿಗೆ ಒತ್ತಿದ ಫೋನು. ಫೋನಿನಲ್ಲೇ ಚಿತ್ರ ತೆಗೆಯುವುದು ರೂಢಿಯಾದ ಮೇಲೆ ಮುಂದಕ್ಕೆ ಚಾಚಿದ ಫೋನು ಕಾಣತೊಡಗಿತು.

ನೀವೇ ಪರೀಕ್ಷಿಸುವುದಾದರೆ

ಮೊದಲು ಮೂಲಕ್ಕೆ ಅತಿ ಹತ್ತಿರದ ಪ್ರತಿ ಹುಡುಕಿ. ಡಿಸ್ಕು ಇದ್ದರೆ ಡಿಸ್ಕಿನ ಕಡತವೇ ಬೇಕು, ಹಂಚಿಕೆಯಾದ ವಿಡಿಯೊ ಅಲ್ಲ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ‘ಇ’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಬಾಚಣಿಗೆ ಗೆರೆಗಳು ಐದರಲ್ಲಿ ಎರಡು ಫ್ರೇಮಿಗೆ ಮರುಕಳಿಸಿದರೆ, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದಲ್ಲಿ ಫೀಲ್ಡ್‌ಮ್ಯಾಚ್, ಆಮೇಲೆ ಡೆಸಿಮೇಟ್ ಶೋಧಕಗಳನ್ನು ಇದೇ ಕ್ರಮದಲ್ಲಿ ಹಾಕಿ ಮೂಲದ 24 ಫ್ರೇಮ್‌ಗಳನ್ನು ಮರಳಿ ಪಡೆಯಿರಿ. ಇಲ್ಲಿ ಯಾಡಿಫ್ ಎಂಬ ಶೋಧಕ ಹಾಕುವುದು ಸಾಮಾನ್ಯ ತಪ್ಪು. ಅದು ಸಾಲುಗಳನ್ನು ಜೋಡಿಸುವ ಬದಲು ಇಲ್ಲದ ಸಾಲನ್ನು ಊಹಿಸಿ ತುಂಬುತ್ತದೆ. ಫ್ರೇಮ್‌ಗಳನ್ನು ವಿವರ ಕಳೆಯದ ಪಿಎನ್‌ಜಿ ಕಡತಗಳಾಗಿ ಉಳಿಸಿ. ಜೆಪೆಗ್ ಆದರೆ ಮತ್ತೊಂದು ಸುತ್ತು 8×8 ಚೌಕಗಳು ಬೀಳುತ್ತವೆ.

ದೊಡ್ಡದು ಮಾಡುವಾಗ ಪಿಕ್ಸೆಲನ್ನು ಹಾಗೇ ಚೌಕವಾಗಿ ಹಿಗ್ಗಿಸುವ ಆಯ್ಕೆ ಬಳಸಿ. ನುಣುಪು ಮಾಡುವ ವಿಧಾನಗಳು ಇಲ್ಲದ ವಕ್ರರೇಖೆ ಸೃಷ್ಟಿಸುತ್ತವೆ, ಹರಿತ ಮಾಡುವ ಶೋಧಕಗಳು ಅಂಚಿನ ಸುತ್ತ ಬಿಳಿ ಗೆರೆ ಎಳೆದು ‘ಹೊಳೆಯುವ ಚೌಕಟ್ಟು’ ಕೊಡುತ್ತವೆ. ಫಿಲ್ಮಿನ ಕಾಳುಕಾಳು ತಗ್ಗಿಸಬೇಕಿದ್ದರೆ, ಒಂದರ ಹಿಂದೆ ಒಂದು ಬರುವ 5 ಫ್ರೇಮ್‌ಗಳನ್ನು ತಲೆಯ ಮೇಲೆ ತಲೆ ಕೂರುವಂತೆ ಜೋಡಿಸಿ, ಪ್ರತಿ ಪಿಕ್ಸೆಲಿಗೂ ಐದರ ನಡುವಿನ ಮೌಲ್ಯ ತೆಗೆಯಿರಿ. ವ್ಯಕ್ತಿ ತಲೆ ಹೊರಳಿಸುತ್ತಿದ್ದರೆ ಮಾತ್ರ ಇದು ಕೆಡುತ್ತದೆ. ಅಳತೆಗೆ ತಲೆಯೇ ಅಳತೆಗೋಲು. ವಯಸ್ಕರ ತಲೆ ಗಲ್ಲದಿಂದ ನೆತ್ತಿಗೆ ಸುಮಾರು 22 ಸೆಂಟಿಮೀಟರ್. ಹ್ಯಾಟು ಇದ್ದರೆ ನೆತ್ತಿ ಎಲ್ಲಿದೆ ಎಂದು ತಪ್ಪಾಗಿ ಹಿಡಿಯುವುದು ಸುಲಭ.

ತೀವ್ರವಾಗಿ ಎಚ್ಚರ ವಹಿಸಬೇಕಾದದ್ದು ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಿದ ಪ್ರತಿಗಳ ಬಗ್ಗೆ. 1906ರ ಏಪ್ರಿಲ್‌ನಲ್ಲಿ, ಭೂಕಂಪಕ್ಕೆ ಕೆಲವೇ ದಿನ ಮೊದಲು ಸ್ಯಾನ್ ಫ್ರಾನ್ಸಿಸ್ಕೊದ ಮಾರ್ಕೆಟ್ ಸ್ಟ್ರೀಟಿನಲ್ಲಿ ಕೇಬಲ್ ಕಾರಿನಿಂದ ತೆಗೆದ ಚಿತ್ರದ 60 ಫ್ರೇಮಿನ ಬಣ್ಣದ ಆವೃತ್ತಿಗಳು ಎಲ್ಲೆಲ್ಲೂ ಇವೆ. ಸೆಕೆಂಡಿಗೆ 16ರಷ್ಟಿದ್ದದ್ದನ್ನು 60ಕ್ಕೆ ಏರಿಸಿದರೆ ನಾಲ್ಕರಲ್ಲಿ ಸುಮಾರು ಮೂರು ಫ್ರೇಮ್ ಕ್ಯಾಮೆರಾ ಕಂಡದ್ದಲ್ಲ, ಲೆಕ್ಕದಿಂದ ಹುಟ್ಟಿದ್ದು. ಬಣ್ಣ ಪೂರ್ತಿ ಊಹೆ. ಇಂದಿನ ಚಿತ್ರಗಳಿಂದ ಕಲಿತ ತಂತ್ರಾಂಶ ಕೈಯಲ್ಲಿರುವ ಕಪ್ಪು ಮಚ್ಚೆಗೆ ಇಂದಿನ ವಸ್ತುವಿನ ಅಂಚನ್ನೇ ಕೊಡುವುದು ಸಹಜ. ಅಂಥ ಪ್ರತಿಯಿಂದ ತೆಗೆದ ಒಂದೇ ಒಂದು ಫ್ರೇಮನ್ನೂ ಸಾಕ್ಷಿಯಾಗಿ ಒಪ್ಪಬೇಡಿ. ಆ ಚಿತ್ರದ ಹಿಗ್ಗಿಸದ ಪ್ರತಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಜಾಲತಾಣದಲ್ಲಿ ಇಟ್ಟಿದೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಫಿಲ್ಮಿನ ತುಂಡೇ ಕೈಗೆ ಸಿಕ್ಕಿದರೆ ಅಂಚನ್ನು ಓದಿ. ಕೊಡಾಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಗುರುತಿನಿಂದ ತಯಾರಾದ ವರ್ಷ ತಿಳಿಯುತ್ತದೆ. ಅದೇ ಗುರುತು 20 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಬೇರೆ ಸುಳಿವೂ ಬೇಕು. ನಕಲು ಮಾಡುವಾಗ ಮೂಲದ ಅಂಚಿನ ಗುರುತೂ ಮುದ್ರಿತವಾಗುವುದುಂಟು, ಆಗ ಒಂದೇ ಅಂಚಿನಲ್ಲಿ ಎರಡು ವರ್ಷ ಸಿಗುತ್ತವೆ.

ವಸ್ತುವಿನ ಹುಡುಕಾಟಕ್ಕೆ ಆ ವರ್ಷದ ಪೇಟೆಂಟುಗಳು, ಅಂಚೆ ವ್ಯಾಪಾರದ ಕ್ಯಾಟಲಾಗುಗಳು, ದಿನಪತ್ರಿಕೆಯ ಜಾಹೀರಾತುಗಳು ಸಾಕು. ಇಂದಿನ ಹೆಸರಿನಿಂದ ಹುಡುಕಿದರೆ ಏನೂ ಸಿಗುವುದಿಲ್ಲ, ಅಂದಿನ ಹೆಸರು ಬೇಕು.

ಕೊನೆಗೆ ಬರೆದಿಡುವಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯಿರಿ. 1928ರ ತುಣುಕಿಗೆ ನನ್ನ ಟಿಪ್ಪಣಿ ಹೀಗಿದೆ. ಕಂಡದ್ದು: ಒಂದು ಕೈ ಕಿವಿಯ ಎತ್ತರದಲ್ಲಿದೆ, ಅಂಗೈಯ ಜಾಗದಲ್ಲಿ ಕಪ್ಪು ಭಾಗವಿದೆ, ಬಾಯಿಯ ಬಳಿ ಬೆಳಕು–ನೆರಳು ಬದಲಾಗುತ್ತದೆ. ಆ ವರ್ಷ ಲಭ್ಯವಿದ್ದದ್ದು: ಶ್ರವಣಕೊಳವೆ, ಇಂಗಾಲದ ಶ್ರವಣಯಂತ್ರ, ಗವಸು, ಬರಿಗೈ. ಇವುಗಳಲ್ಲಿ ಒಂದನ್ನೇ ಆರಿಸಲು ಡಿವಿಡಿಯ ಪಿಕ್ಸೆಲ್‌ಗಳು ಸಾಲವು. ಮೂಲ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಬಂದರೆ ಅಂಗೈಯ ಆ ಜಾಗವನ್ನು ಮತ್ತೆ ಅಳೆಯಬೇಕು.